ಮುಟ್ಟದ ಕಾಫಿ

ಏಳು ಸಮುದ್ರಗಳ ಆಚೆ, ಮಕ್ಕಳೇ ಹೆತ್ತವರಿಗೆ ಬುದ್ಧಿ ಹೇಳುವ ಅಮೆರಿಕದಲ್ಲಿ, ಅರಬ್ ತಂದೆಯೊಬ್ಬ ಮಗನಿಗೆ ಹೆಣ್ಣು ಕೇಳಲು ಅಮೆರಿಕನ್ನರ ಮನೆಗೆ ಹೋದ. ಹುಡುಗಿಯ ಅಪ್ಪ ಕಾಫಿ ಕೊಟ್ಟ. ಬಂದವನು ಅದನ್ನು ಕುಡಿಯದೆ ಮೇಜಿನ ಮೇಲಿಟ್ಟು ಕಾದು ಕುಳಿತ.

“ಬೇಡ್ವಾ? ಬಿಡಿ, ನಮ್ಮಲ್ಲಿ ಬಲವಂತ ಇಲ್ಲ,” ಎಂದು ಅಪ್ಪ ಕಪ್ಪನ್ನು ಒಳಗೆ ಒಯ್ದ.

ಬಂದವನು ಮುಖ ಕೆಂಪಗೆ ಮಾಡಿಕೊಂಡು ಹೊರಟೇಹೋದ.

“ಅಯ್ಯೋ ಅಪ್ಪಾ!” ಮಗಳು ಅಳತೊಡಗಿದಳು. “ಹೆಣ್ಣು ಕೇಳೋಕೆ ಬಂದಾಗ, ಒಪ್ಪಿಗೆ ಸಿಗೋವರೆಗೂ ಅರಬ್ಬರು ಕಾಫಿ ಮುಟ್ಟಲ್ಲ. ‘ಕುಡೀರಿ, ಹುಡುಗಿ ನಿಮ್ಮವಳು’ ಅಂತ ನೀನು ಹೇಳಬೇಕಿತ್ತು. ಕಪ್ಪೇ ಎತ್ಕೊಂಡು ಹೋದ್ಯಲ್ಲ!”

“ಅಷ್ಟೇ ತಾನೇ? ನಾನೇ ಹೋಗಿ ಅವರ ರೀತೀಲೇ ಹುಡುಗನ್ನ ಕೇಳ್ತೀನಿ ಬಿಡು.”

ಅತ್ತ ಮಗ ತನ್ನ ತಂದೆಗೆ ಸಮಾಧಾನ ಹೇಳುತ್ತಿದ್ದ. “ಅದು ಅವಮಾನ ಅಲ್ಲಪ್ಪ. ಅತಿಥಿಗೆ ಒತ್ತಾಯ ಮಾಡದೇ ಇರೋದೇ ಇವರ ಮರ್ಯಾದೆ.”

ಭಾನುವಾರ ಹುಡುಗಿಯ ಅಪ್ಪ ಹೊಸ ಕೋಟು ತೊಟ್ಟು ಹುಡುಗನ ಮನೆಗೆ ಹೋದ. ಘಮಘಮಿಸುವ ಏಲಕ್ಕಿ ಕಾಫಿ ಬಂತು. ಅವನು ಅದನ್ನು ಕುಡಿಯದೆ ಮೇಜಿನ ಮೇಲಿಟ್ಟು, ನಗುತ್ತಾ ಕಾದ.

ಹುಡುಗನ ತಂದೆಯೂ ನಗುತ್ತಾ ಬಟ್ಟಲನ್ನು ಎತ್ತಿಕೊಂಡ. “ಬಿಡಿ ಸ್ವಾಮಿ, ಈಗ ನಮ್ಮಲ್ಲೂ ಬಲವಂತ ಇಲ್ಲ.”