ಅಜ್ಜಿಯ ಮಡಿನೀರು

ಇಂಗು, ಹಸಿಮೆಣಸಿನಕಾಯಿ ಹಾಕಿದ ಸಂಡಿಗೆ ಹಿಟ್ಟಿನ ವಾಸನೆ ಬಂದರೆ ಈಗಲೂ ನನ್ನ ಅಂಗಾಲು ಸುಡುತ್ತದೆ.

ನನಗಾಗ ಎಂಟು ವರ್ಷ. ರಾಜಸ್ಥಾನದ ಮರಳುಗಾಡಿನಲ್ಲಿ ಸೈನಿಕರಾಗಿದ್ದ ಸೋದರಮಾವ ರಜೆಗೆಂದು ಹೊಳೆನರಸೀಪುರಕ್ಕೆ ಬಂದಿದ್ದರು. "ಅಮ್ಮಾ, ಅಲ್ಲಿ ನಮಗೆ ಬಾಯಾರೋಕೆ ಮುಂಚೇನೇ ನೀರು ಕುಡೀರಿ ಅಂತ ಆರ್ಡರ್ರು. ಈ ಬಿಸಿಲಲ್ಲಿ ತಾರಸಿಗೆ ಹೋಗ್ಬೇಡ" ಅಂದರು.

ಅಜ್ಜಿ ನಕ್ಕರು. "ನಿನ್ನ ಮರಳುಗಾಡು ನಿನಗಿರಲಿ ಕಣೋ. ನೆರಳಲ್ಲಿ ಸಂಡಿಗೆ ಒಣಗತ್ತೇನೋ?"

ಮಡಿಸೀರೆಯುಟ್ಟು ಅಜ್ಜಿ ಪಂಚೆಯ ಮೇಲೆ ಚಮಚ ಚಮಚವಾಗಿ ಹಿಟ್ಟು ಇಡುತ್ತಿದ್ದರು. ಪಕ್ಕದಲ್ಲಿ ಚೊಂಬಿನ ತುಂಬ ಅವರ ಮಡಿನೀರು. ಕಾಗೆ ಕಾಯಲು ಕೂತಿದ್ದ ನಾನು ಬಾಯಾರಿಕೆ ತಡೆಯಲಾರದೆ ಚೊಂಬೆತ್ತಿ ಒಂದು ಗುಟುಕು ಕುಡಿದುಬಿಟ್ಟೆ.

"ಅಯ್ಯೋ ಮುಂಡೇದೇ, ಮುಟ್ಟಿಬಿಟ್ಯಾ! ಹೋಗ್ಲಿ, ಪೂರ್ತಿ ನೀನೇ ಕುಡಿ."

"ನಿಮಗೆ ಬೇರೆ ತರ್ಲಾ ಅಜ್ಜಿ?"

"ನೀನು ತಂದ್ರೆ ಮಡಿಯಾಗತ್ತಾ? ಇನ್ನೊಂದು ಸಾಲು ಇಟ್ಟು ನಾನೇ ಇಳೀತೀನಿ."

ಒಂದು ಸಾಲು ನಾಲ್ಕಾಯಿತು. ಆ ಬಿಸಿಲಲ್ಲೂ ಅವರ ಹಣೆಯ ಮೇಲೆ ಬೆವರೇ ಇರಲಿಲ್ಲ. ಮತ್ತೊಂದು ಚಮಚ ಹಿಟ್ಟು ತೆಗೆಯಲು ಬಾಗಿದವರು ಹಸಿ ಸಂಡಿಗೆಯ ಮೇಲೆಯೇ ಒರಗಿಬಿಟ್ಟರು.

ನಾನು ಕಿರುಚಿದೆ. ಮಾವ ಓಡಿ ಬಂದು ಅವರನ್ನು ನೆರಳಿಗೆ ಎಳೆದರು, ಟವೆಲ್ಲು ಒದ್ದೆ ಮಾಡಿ ಮೈಗೆಲ್ಲ ಸುತ್ತಿದರು. ಬರಿದಾಗಿದ್ದ ಚೊಂಬಿನತ್ತ ನೋಡಿ, "ಅಮ್ಮ ನೀರು ಕುಡಿದ್ಲೇನೇ?" ಎಂದು ಕೇಳಿದರು.

"ಹೂಂ ಮಾವ, ಪೂರ್ತಿ ಕುಡಿದ್ರು" ಅಂದೆ.

ವೈಕುಂಠ ಸಮಾರಾಧನೆಯ ದಿನ ಮಾವ ಪಂಕ್ತಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದರು: "ಹೋಗೋ ಮುಂಚೆ ಒಂದು ಚೊಂಬು ನೀರಾದ್ರೂ ಕುಡಿದಿದ್ಲು, ಅಷ್ಟೇ ಸಮಾಧಾನ."