ಹಳೇ ಉತ್ತರ

“ಶರೀಫಾನ ಕೂಸು ಹಾಲ ಕುಡೀವಲ್ದು, ಕಣ್ಣ ತೆರೀವಲ್ದು, ಜ್ಯೋತಿ ಬಾಯಾರ. ದವಾಖಾನಿಗೆ ಕರಕೊಂಡು ಬರಾಕತ್ತೇನಿ. ಮತ್ತ ನಿಮ್ಮ ಮೆಸೇಜಿನ್ಯಾಗ ‘ಚಲೋ ಐತಿ’ ಅಂತ ಇತ್ತಲ್ರಿ!”

ಸಾಂಬ್ರಾಣಿ ಊರಿನಿಂದ ಫ್ಲೇವಿಯಾಳ ಫೋನು. ಹಳಿಯಾಳದ ಆಫೀಸಿನಲ್ಲಿ ಕೂತಿದ್ದ ಜ್ಯೋತಿ ಕೂಡಲೇ ಕಂಪ್ಯೂಟರಿನತ್ತ ತಿರುಗಿದಳು.

ಊರೂರು ತಿರುಗಿ ಕೂಸುಗಳನ್ನು ತೂಗಿ, ತೂಕವನ್ನು ಮೊಬೈಲಿನಲ್ಲಿ ಒತ್ತುವುದು ಫ್ಲೇವಿಯಾಳ ಕೆಲಸ. ಆ ತೂಕ ನೇರ ಎಕ್ಸೆಲ್ ಶೀಟಿಗೆ ಹೋಗುತ್ತದೆ. ಕೂಸಿನ ವಯಸ್ಸು, ಹಿಂದಿನ ತೂಕ ಎಲ್ಲ ತಾಳೆ ಹಾಕಿ ಅಲ್ಲಿನ ಫಾರ್ಮುಲಾ ಒಂದು ಉತ್ತರ ಕೊಡುತ್ತದೆ: ಒಂದೋ ‘ಚಲೋ ಐತಿ’, ಇಲ್ಲವೇ ‘ದವಾಖಾನೆಗೆ ತರ್ರಿ’. ಆ ಉತ್ತರ ಓದಿ ಫ್ಲೇವಿಯಾಳಿಗೆ ಮೆಸೇಜು ಕಳಿಸುವುದು ಜ್ಯೋತಿ ಬರೆದ ಪ್ರೋಗ್ರಾಮು. ಅದರ ಗುಣಗಾನವನ್ನು ಅವಳು ಕೇಳಿದವರಿಗೂ ಮಾಡುತ್ತಿದ್ದಳು, ಕೇಳದವರಿಗೂ ಮಾಡುತ್ತಿದ್ದಳು.

ಗಡಬಡಿಸಿ ಶೀಟು ತೆರೆದಳು. ಶರೀಫಾಳ ಕೂಸಿನ ಸಾಲಿನಲ್ಲಿ ‘ದವಾಖಾನೆಗೆ ತರ್ರಿ’ ಎಂದು ಕೆಂಪಗೆ ಕಾಣುತ್ತಿತ್ತು.

“ಇದೆಂಥಾ ಮಾಟ ಮಾರಾಯಾ! ಇಲ್ಲಿ ಕೆಂಪು ಐತಿ, ಪ್ರೋಗ್ರಾಮು ಚಲೋ ಅಂತ ಹ್ಯಾಂಗ ಓದ್ತು?”

ಪಕ್ಕದ ಮೇಜಿನ ರೋಹಿತ ಬಂದು ಬಗ್ಗಿ ನೋಡಿದ. “ನೀ ಈಗ ತೆರದ್ಯಲ್ಲ, ಅದಕ್ಕ ಎಕ್ಸೆಲ್ ಈಗ ಲೆಕ್ಕ ಮಾಡೇತಿ. ನಿನ್ನ ಪ್ರೋಗ್ರಾಮು ಲೆಕ್ಕ ಮಾಡೂದಿಲ್ಲ. ಹಿಂದಕ ಎಕ್ಸೆಲ್ಲಿನ್ಯಾಗ ತೆರದು ಸೇವ್ ಮಾಡಿದಾಗ ಯಾವ ಉತ್ತರ ಇತ್ತೋ ಅದನ್ನ ಎತ್ತಿ ಕೊಡ್ತೈತಿ, ಅಷ್ಟ.”

“ಮತ್ತ ಮೊದಲೆಲ್ಲಾ ಸರೀನ ಬರ್ತಿತ್ತಲ್ಲ?”

“ಮೊದಲೆಲ್ಲಾ ನೀ ತೆರದು ನೋಡ್ತಿದ್ದಿ.”

ಹೌದು. ಶುರುವಿನಲ್ಲಿ ಪ್ರೋಗ್ರಾಮಿನ ಮೇಲೆ ನಂಬಿಕೆ ಇರಲಿಲ್ಲ. ಮೆಸೇಜು ಹೋಗುವ ಮೊದಲು ಶೀಟು ತೆರೆದು, ಸಾಲುಸಾಲಿಗೂ ಕಣ್ಣಾಡಿಸಿ, ಸೇವ್ ಮಾಡಿ ಮುಚ್ಚುತ್ತಿದ್ದಳು. ಆ ಅನುಮಾನವೇ ಲೆಕ್ಕ ಮಾಡಿಸುತ್ತಿತ್ತು. ದೀಪಾವಳಿ ಮುಗಿದ ಮೇಲೆ, ದಿನಾ ಸರಿಯೇ ಬರುತ್ತದೆ, ಇನ್ನೇನು ನೋಡುವುದು ಎಂದು ಬಿಟ್ಟಿದ್ದಳು. ಅವಳು ನಂಬಿದ ದಿನದಿಂದ ಅದು ಹಳೇ ಪಾಠವನ್ನೇ ಒಪ್ಪಿಸುತ್ತ ಬಂದಿತ್ತು. ಶೀಟಿನ ಕೆಳಗೆ ಮಳಗಿ ಊರಿನ ಒಂದು ಕೂಸಿನ ಸಾಲೂ ಕೆಂಪಾಗಿತ್ತು.

“ಆ ಮನಿಗೆ ಈಗಿಂದೀಗ ಫೋನ್ ಹಚ್ಚು,” ಎಂದು ರೋಹಿತನಿಗೆ ಹೇಳಿ ದವಾಖಾನೆಗೆ ಓಡಿದಳು.

ಕೂಸಿಗೆ ಸಲಾಯಿನ್ ಏರಿಸಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಾಗುತ್ತಿತ್ತು, ಈಗ ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಫ್ಲೇವಿಯಾ ಗೋಡೆಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಜ್ಯೋತಿ ಶರೀಫಾಳ ಪಕ್ಕ ಕುಕ್ಕರಿಸಿದಳು.

“ತಪ್ಪು ನಂದು ತಂಗೀ. ಫ್ಲೇವಿಯಾ ಅಕ್ಕಂದಲ್ಲ. ಬೈಯೂದಿದ್ರ ನನಗ ಬೈ.”

ಶರೀಫಾ ಬೈಯಲಿಲ್ಲ. ಕೂಸಿನ ಮೇಲಿಂದ ಕಣ್ಣು ಕೀಳದೆ ಹೇಳಿದಳು.

“ಎತ್ತಿಕೊಂಡಾಗೆಲ್ಲಾ ಹಗುರ ಆಗೇತಿ ಅನಸ್ತಿತ್ತು ಬಾಯಾರ. ಮೆಸೇಜಿನ್ಯಾಗ ಚಲೋ ಐತಿ ಅಂತ ಬಂತು. ನನ್ನ ಕೈನೇ ಸುಳ್ಳ ಹೇಳಾಕತ್ತಾವ ಅಂದ್ಕೊಂಡೆ.”