ಎಂಬತ್ತು ಚೌಕದ ಹೊದಿಕೆ

ಮೂಲೆ ಹಿಡಿದು ಎತ್ತಿದ್ದೇ ತಡ, ಹೊದಿಕೆ ಮತ್ತೆ ಬಿಚ್ಚಿಕೊಂಡಿತು. ಹಳದಿ ಚೌಕ ಒಂದು ಕಡೆ, ನೀಲಿ ಚೌಕ ಇನ್ನೊಂದು ಕಡೆ. ಆ ವಾರದಲ್ಲಿ ಅದು ಮೂರನೆಯ ಸಲ.

"ಗಂಟು ಹಾಕಿದ್ದೆನಲ್ಲ!" ಎಂದಳು ಸ್ವರ್ಣಲತಾ, ಕನ್ನಡಕ ಸರಿಮಾಡಿಕೊಳ್ಳುತ್ತ.

"ಎಂತ ಗಂಟು ಮಾರಾಯ್ತಿ ಅದು? ಅಂಥ ಗಂಟಿನ ಬಲೆ ಹಾಕಿದ್ರೆ ಒಂದು ಬೂತಾಯಿ ಮೀನೂ ಉಳಿಯುವುದಿಲ್ಲ," ಎಂದ ಅವಳ ಗಂಡ ಯಾದವ. ತಮಾಷೆಯಾಗಿಯೇ ಹೇಳಿದ. ಒಳಗೆ ಮಾತ್ರ ಹೆದರಿದ್ದ.

ಮೂವತ್ತು ವರ್ಷ ಹಂಪನಕಟ್ಟೆಯ ಅಂಗಡಿಯೊಂದಕ್ಕೆ ಮಕ್ಕಳ ಟೊಪ್ಪಿ, ಸ್ವೆಟರ್ ಹೆಣೆದು ಕೊಟ್ಟವಳು ಅವಳು. ಸಿಟಿ ಬಸ್ಸಿನಲ್ಲಿ ಕೂತು, ಕಡ್ಡಿಯ ಕಡೆ ನೋಡದೆಯೇ ಹೆಣೆಯುತ್ತಿದ್ದಳು. ಅಷ್ಟು ವರ್ಷದ ಅಳಿದುಳಿದ ಉಲ್ಲನ್ ನೂಲು ಮನೆಯಲ್ಲಿ ಎರಡು ಗೋಣಿ ತುಂಬ ಇತ್ತು. ಹಿಂದಿನ ತಿಂಗಳು ಅದನ್ನೆಲ್ಲ ನೆಲಕ್ಕೆ ಸುರಿದು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು, ಉದ್ದಕ್ಕೆ ಹತ್ತು, ಅಡ್ಡಕ್ಕೆ ಎಂಟು ಚೌಕ ಎಂದು ನಕ್ಷೆ ಮಾಡಿದ್ದಳು. ಮಗಳು ದೀಕ್ಷಿತಾಳಿಗೆ ಹೊದಿಕೆಯಂತೆ. ಮಂಗಳೂರಿನ ಸೆಕೆಗೆ ಉಲ್ಲನ್ ಹೊದಿಕೆ ಯಾರಿಗೆ ಬೇಕು ಎಂದು ಯಾದವ ಕೇಳಿದರೆ, "ಅವಳು ಎ.ಸಿ. ಹಾಕಿಕೊಂಡು ಚಳಿ ಚಳಿ ಅಂತಾಳೆ" ಎಂಬ ಉತ್ತರ.

ಆಗ ಅವನಿಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ನಲವತ್ತು ವರ್ಷ ಬೋಟಿನಲ್ಲಿ ದುಡಿದ ಮೈ. ಹಿಂದಿನ ವರ್ಷ ಬೋಟು ನಿಲ್ಲುವ ದಕ್ಕೆಯಲ್ಲಿ ಲಕ್ವ ಹೊಡೆದು ಕುಸಿದುಬಿದ್ದ ಮೇಲೆ ಕಾಲು ಬಂತು, ಮಾತು ಬಂತು, ಬಲಗೈ ಅರ್ಧಂಬರ್ಧ. ಆ ಕೈಯಲ್ಲಿ ಹಿಸುಕಲಿಕ್ಕೆಂದು ಬಲ್ಮಠದ ಡಾಕ್ಟರಮ್ಮ ಕೊಟ್ಟ ರಬ್ಬರ್ ಚೆಂಡನ್ನು ಹಿತ್ತಿಲಿಗೆ ಎಸೆದಿದ್ದ. ಮಕ್ಕಳಾಟ ಆಡುವ ಪ್ರಾಯವೇ ಇದು? ಆ ಡಾಕ್ಟರಮ್ಮನ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಕೂಗಾಡಿದ್ದ. ಆಮೇಲೆ ಕೂಗಾಡುವುದೂ ಸಾಕಾಗಿ, ಜಗಲಿಯ ಕುರ್ಚಿಯಲ್ಲಿ ಕೂತು ದಿನ ಮುಗಿಯುವುದನ್ನು ಕಾಯುತ್ತಿದ್ದ.

ಈಗ ಆ ಕುರ್ಚಿಯಲ್ಲಿ ಕೂರಲೂ ಪುರುಸೊತ್ತಿಲ್ಲದ ಹಾಗಾಯಿತು. ಸ್ವರ್ಣಲತಾಳ ತಾಯಿ ರತ್ನಾವತಿಗೂ ಮರೆವಿನ ರೋಗ ಹೀಗೇ ಶುರುವಾಗಿತ್ತು. ಮೊದಲು ಮೀನು ಸಾರಿಗೆ ಉಪ್ಪು ಹಾಕಲು ಮರೆತಳು, ಕೊನೆಗೆ ಮಗಳನ್ನೇ ಮರೆತಳು. ಅದನ್ನು ಕಣ್ಣಾರೆ ಕಂಡಿದ್ದ ಯಾದವನಿಗೆ ಕಳಚಿ ಬಿದ್ದ ಒಂದೊಂದು ಚೌಕವೂ ಹೆದರಿಕೆ ಹುಟ್ಟಿಸುತ್ತಿತ್ತು. ಒಂದು ದಿನ ಇವಳು ತನ್ನನ್ನೇ ಯಾರು ಎಂದು ಕೇಳಿದರೆ?

ಜೋಡಿಸುವ ಕೆಲಸಕ್ಕೆ ತಾನೇ ಕೂತ. ಬಲೆ ಕಟ್ಟಿದ ಮನುಷ್ಯ. ಜಾರುವ ಗಂಟು ಕಂಡೂ ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇಲ್ಲ. ಮೊದಮೊದಲು ನೂಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಆಮೇಲೆ ಬಲಗೈ ಊರಿ ಒತ್ತಿ ಹಿಡಿದ. ಗೊಣಗುತ್ತ, ನೂಲಿಗೆ ಬೈಯುತ್ತ, ದಿನಕ್ಕೆ ನಾಲ್ಕೈದು ಚೌಕ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಅವಳು ಕ್ಯಾಲೆಂಡರ್ ಹಿಡಿದು ಬರುತ್ತಿದ್ದಳು: "ಕೆಂಪಿನ ಪಕ್ಕ ಹಸಿರು ಬರಬಾರದಿತ್ತು. ನಾನೇ ತಪ್ಪು ಬರೆದದ್ದು. ಬಿಚ್ಚುವನಾ?"

ಬಿಚ್ಚುತ್ತಿದ್ದ. ಅವಳನ್ನು ಬೈಯಲಿಕ್ಕೆ ಬಾಯಿ ಬರುತ್ತಿರಲಿಲ್ಲ. ಹುಷಾರಿಲ್ಲದವಳನ್ನು ಬೈದು ಏನು ಸಿಗುತ್ತದೆ?

ಮಳೆಗಾಲ ಕಳೆಯಿತು. ಅವಳ ತಪ್ಪುಗಳು ಹೆಚ್ಚಿದವು. ಮೊದಲು ಚೌಕಕ್ಕೆ ಚೌಕವೇ ಕಳಚಿ ಬೀಳುತ್ತಿತ್ತು. ಈಗ ಒಂದೊಂದೇ ಕುಣಿಕೆ ಜಾರಿರುತ್ತಿತ್ತು. ಅದನ್ನು ಹುಡುಕಿ, ಬೆರಳ ತುದಿಯಲ್ಲಿ ಹೆಕ್ಕಿ ಎತ್ತಬೇಕು. ಅಂಥವು ದಿನಕ್ಕೆ ಹತ್ತು ಹದಿನೈದು. ರೋಗ ಏರುತ್ತಿದೆ ಎಂದು ಅವನು ಗಟ್ಟಿ ಮಾಡಿಕೊಂಡ. ಸಂಜೆಯಾಗುವಾಗ ಕಣ್ಣು, ಕೈ, ಮನಸ್ಸು ಎಲ್ಲ ಸೋತಿರುತ್ತಿದ್ದವು. ಆದರೂ ಎದ್ದು ತಾನೇ ಚಹಾ ಮಾಡಿ ಕೊಡುತ್ತಿದ್ದ. ಅವಳನ್ನು ಗ್ಯಾಸ್ ಒಲೆಯ ಹತ್ತಿರ ಬಿಡಲು ಧೈರ್ಯವಿರಲಿಲ್ಲ. ಇಷ್ಟು ದಣಿವಿನಲ್ಲೂ, ತಾನು ಮೊದಲು ಹೋದರೆ ಇವಳ ಗತಿಯೇನು ಎಂಬುದೊಂದೇ ಚಿಂತೆ.

ಮಗಳಿಗೆ ಫೋನು ಮಾಡಿ ಹೇಳಿದ.

"ಅಮ್ಮನ ತಲೆಗೆ ಎಂತದೂ ಆಗ್ಲಿಲ್ಲ ಅಪ್ಪ. ನಮ್ಮೆಲ್ಲರಿಗಿಂತ ಚುರುಕು ಉಂಟು," ಎಂದು ದೀಕ್ಷಿತಾ ನಕ್ಕಳು. ನಗುವ ವಿಷಯವೇ ಇದು? ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು.

ಕೊನೆಗೆ ಹೆಂಡತಿಯ ಹತ್ತಿರವೇ ಹೇಳಿದ. "ಸ್ವರ್ಣ, ಒಮ್ಮೆ ಬಲ್ಮಠಕ್ಕೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬರುವ."

ಹಠ ಹಿಡಿಯುತ್ತಾಳೆ ಎಂದುಕೊಂಡಿದ್ದ. ಅವಳು ಕಡ್ಡಿಯಿಂದ ಕಣ್ಣೆತ್ತಲಿಲ್ಲ. "ನೀವೂ ಒಳಗೆ ಬರುವುದಾದ್ರೆ ನಾನು ರೆಡಿ," ಎಂದಳು.

ಮೆಟ್ಟಿಲು ಹತ್ತುವುದಿಲ್ಲ ಎಂದ ಮಾತನ್ನು ಯಾದವ ನುಂಗಿಕೊಂಡ. ಅವಳಿಗಾಗಿ ಅಷ್ಟೂ ಮಾಡದಿದ್ದರೆ ಹೇಗೆ?

ಚೆಂಡು ಕೊಟ್ಟಿದ್ದ ಡಾಕ್ಟರ್ ನಿರೀಕ್ಷಾ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಯಾದವ ಅಷ್ಟೂ ತಿಂಗಳ ಕಥೆಯನ್ನು ಒಂದೇ ಉಸಿರಿಗೆ ಹೇಳಿದ. ಸ್ವರ್ಣಲತಾ ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದಳು. ಎಷ್ಟು ಚುರುಕಿನ ಹೆಂಗಸು ಹೀಗಾದಳಲ್ಲ ಎಂದುಕೊಂಡ.

"ಎಂಥ ತಪ್ಪು ಮಾಡ್ತಾರೆ? ಸ್ವಲ್ಪ ತೋರಿಸಿ," ಎಂದರು ಡಾಕ್ಟರ್.

ಯಾದವ ಚೀಲದಿಂದ ಒಂದು ನೀಲಿ ಚೌಕ ತೆಗೆದ. "ಇಲ್ಲಿ ನೋಡಿ, ಕುಣಿಕೆ ಜಾರಿದೆ. ಹೀಗೆ ಎತ್ತಬೇಕು." ಚೌಕವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಎರಡು ಬೆರಳುಗಳಿಂದ ಕುಣಿಕೆಯನ್ನು ಹೆಕ್ಕಿ, ನೂಲು ತೂರಿಸಿ, ಗಂಟು ಬಿಗಿದ. "ಇಷ್ಟು ಸಣ್ಣ ಕೆಲಸ ಡಾಕ್ಟ್ರೆ. ಇದೂ ಇವಳ ಕೈಯಲ್ಲಿ ಆಗುವುದಿಲ್ಲ." ಚೌಕವನ್ನು ಡಾಕ್ಟರ ಕಡೆ ಚಾಚಿದ. "ಇವಳಿಗೆ ಗುಣ ಆಗ್ತದಾ?"

ಡಾಕ್ಟರ್ ಅವನ ಬೆರಳುಗಳನ್ನೇ ನೋಡುತ್ತಿದ್ದರು. "ಇನ್ನೊಮ್ಮೆ ಮಾಡಿ," ಎಂದರು.

ಇನ್ನೊಂದು ಕುಣಿಕೆ ಎತ್ತಿ ತೋರಿಸಿದ.

ಡಾಕ್ಟರ್ ಪೆನ್ನು ಕೆಳಗಿಟ್ಟು ಸ್ವರ್ಣಲತಾಳ ಕಡೆ ತಿರುಗಿದರು.

"ಸಾಕು ಅಮ್ಮ. ಇನ್ನು ನೀವು ಸರಿಯಾಗಿ ಹೆಣೆಯಬಹುದು."